ದಸರೆಗೆ ಮುನ್ನ ಬಣ್ಣ ಕೆರೆಯುವವರಿಗೆ: ಮನೆಯ ಧೂಳಿನಿಂದ ಸೀಸ ತೆಗೆಯುವ ಬಗೆ

ಹಳೆಯ ಮನೆಯ ಮರದ ಕಿಟಕಿಯೊಂದನ್ನು ತೆರೆದು, ಕದ ಚೌಕಟ್ಟಿಗೆ ಉಜ್ಜುವ ಕಡೆ ಬೆರಳು ಎಳೆದು ನೋಡಿ. ಬೆರಳಿಗೆ ಹತ್ತಿದ್ದು ಬರೀ ಬೀದಿ ಧೂಳಾಗಿರುವುದಿಲ್ಲ. ಹಸಿರೋ ನೀಲಿಯೋ ನುಣ್ಣನೆಯ ಹಿಟ್ಟೂ ಅದರಲ್ಲಿ ಕೂಡಿರುತ್ತದೆ. ಮೈಸೂರಿನ ಅಗ್ರಹಾರ, ಕೃಷ್ಣರಾಜ ಮೊಹಲ್ಲ, ಒಂಟಿಕೊಪ್ಪಲಿನ ಹಳೆಯ ಮನೆಗಳಲ್ಲಿ, ಮಂಡ್ಯ, ಶ್ರೀರಂಗಪಟ್ಟಣದ ಹೆಂಚಿನ ಮನೆಗಳಲ್ಲಿ ಇಂಥ ಕಿಟಕಿಗಳು ದಶಕಗಳಿಂದ ಬೆಳಿಗ್ಗೆ ತೆರೆದು ಸಂಜೆ ಮುಚ್ಚುತ್ತಿವೆ. ಪ್ರತಿ ಸಲವೂ ಹಳೆಯ ಎನಾಮೆಲ್ ಬಣ್ಣ ಚೂರು ಚೂರೇ ಅರೆದು ಪುಡಿಯಾಗುತ್ತದೆ. ಆ ಬಣ್ಣದಲ್ಲಿ ಸೀಸ, ಅಂದರೆ ಲೆಡ್ ಎಂಬ ವಿಷಲೋಹ ಇದ್ದರೆ ಪುಡಿಯಲ್ಲೂ ಇರುತ್ತದೆ. ಪುಡಿ ನೆಲಕ್ಕಿಳಿಯುತ್ತದೆ, ನೆಲದಿಂದ ಅಂಬೆಗಾಲಿಡುವ ಮಗುವಿನ ಕೈಗೆ, ಕೈಯಿಂದ ಬಾಯಿಗೆ ಹೋಗುತ್ತದೆ.

ಧೂಳಿನ ಮಾತೆತ್ತಿದರೆ ಎಲ್ಲರಿಗೂ ಮೊದಲು ನೆನಪಾಗುವುದು ಮೂಗು. ಬಣ್ಣ ಕೆರೆಯುವವನಿಗೆ, ವೆಲ್ಡಿಂಗ್ ಮಾಡುವವನಿಗೆ ಅದು ನಿಜ. ಮನೆಯೊಳಗಿನ ಚಿಕ್ಕ ಮಕ್ಕಳ ಮಟ್ಟಿಗೆ ಮಾತ್ರ ಸೀಸ ಹೋಗುವ ಮುಖ್ಯ ದಾರಿ ಬಾಯಿ. ದೊಡ್ಡವರು ನುಂಗಿದ ಸೀಸದಲ್ಲಿ ಸುಮಾರು ಹತ್ತರಲ್ಲಿ ಒಂದು ಪಾಲು ರಕ್ತಕ್ಕೆ ಸೇರಿದರೆ, ಎಳೆಯ ಮಕ್ಕಳಲ್ಲಿ ಅರ್ಧದಷ್ಟು ಸೇರಬಹುದು. ಸಾವಿರಾರು ರೂಪಾಯಿಯ ಏರ್ ಪ್ಯೂರಿಫೈಯರ್ ತಂದಿಟ್ಟರೂ ಅದು ಗಾಳಿಯಲ್ಲಿ ತೇಲುವ ಧೂಳನ್ನಷ್ಟೇ ಹಿಡಿಯುತ್ತದೆ. ನೆಲ, ಕಿಟಕಿಯ ತಳ, ತೊಟ್ಟಿಲ ಕಂಬಿಯ ಮೇಲೆ ಕೂತದ್ದನ್ನು ಮುಟ್ಟುವುದೂ ಇಲ್ಲ. ಅದನ್ನು ತೆಗೆಯಲು ಒದ್ದೆ ಬಟ್ಟೆಯೇ ಬೇಕು. ಈ ಬರಹದಲ್ಲಿ ಒಂದೇ ಮಾತು ನೆನಪಿಡಬೇಕೆಂದರೆ ಇದು: ಒಣಗಿದ್ದಾಗ ಕೆರೆಯಬೇಡಿ, ಒಣಗಿದ್ದಾಗ ಗುಡಿಸಬೇಡಿ.

ಎಷ್ಟು ಸೀಸ ಇದ್ದರೆ ಅಪಾಯ ಎನ್ನುವುದಕ್ಕೆ ಒಂದು ಲೆಕ್ಕ ಹಾಕೋಣ. ಹಲವು ಕೋಟಿಂಗ್ ಕಂಡ ಹಳೆಯ ಬಣ್ಣದ ಪದರ 0.2 ಮಿ.ಮೀ. ದಪ್ಪ ಇದೆ ಎಂದುಕೊಳ್ಳಿ. ಉಗುರಿನಷ್ಟಗಲ, ಅಂದರೆ 1 ಚದರ ಸೆಂ.ಮೀ. ಚಕ್ಕೆಯ ತೂಕ ಸುಮಾರು 30 ಮಿಲಿಗ್ರಾಂ. ಅದರಲ್ಲಿ ನೂರಕ್ಕೆ ಒಂದು ಪಾಲು ಸೀಸವಿದ್ದರೆ ಚಕ್ಕೆಯಲ್ಲಿರುವ ಸೀಸ 300 ಮೈಕ್ರೊಗ್ರಾಂ. ಸೀಸದ ಬಣ್ಣ ತೆಗೆದ ಮೇಲೆ ನೆಲದಲ್ಲಿ ಉಳಿಯುವ ಸೀಸ ಚದರ ಅಡಿಗೆ 5 ಮೈಕ್ರೊಗ್ರಾಂಗಿಂತ ಕಡಿಮೆ ಇರಬೇಕು ಎನ್ನುವುದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2024ರಲ್ಲಿ ತಂದ ನಿಯಮ. ಕಿಟಕಿಯ ತಳಕ್ಕೆ ಆ ಮಿತಿ 40. ಉಗುರಿನಗಲದ ಒಂದೇ ಒಂದು ಚಕ್ಕೆ ಪುಡಿಯಾಗಿ ಹರಡಿದರೆ 6 ಅಡಿಗೆ 10 ಅಡಿಯ ನೆಲ ಆ ಮಿತಿ ಮುಟ್ಟುತ್ತದೆ. ಒಂದು ಬಾಗಿಲನ್ನು ಗ್ರೈಂಡರ್ ಹಾಕಿ ಉಜ್ಜಿದರೆ ಏನಾಗುತ್ತದೆ ಎನ್ನುವುದನ್ನು ಇದರಿಂದಲೇ ಊಹಿಸಬಹುದು.

ಯಾವ ಬಣ್ಣ, ಯಾವ ಕಾಲದ್ದು

ಗೋಡೆಗೆ ಹೊಡೆದ ಸುಣ್ಣ, ಡಿಸ್ಟೆಂಪರ್, ಎಮಲ್ಷನ್‌ಗಳ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಿಲ್ಲ. ಗಮನ ಇರಬೇಕಾದ್ದು ಆಯಿಲ್ ಪೇಂಟ್ ಅಥವಾ ಎನಾಮೆಲ್ ಮೇಲೆ. ಬಾಗಿಲು, ಕಿಟಕಿ, ಕಬ್ಬಿಣದ ಸರಳು, ಗೇಟು, ಮೆಟ್ಟಿಲ ಕಟಕಟೆ, ಬೀರು, ತೊಟ್ಟಿಲು ಇವಕ್ಕೆಲ್ಲ ಹೊಡೆಯುವುದು ಅದನ್ನೇ. ಹಳದಿ, ಕಿತ್ತಳೆ, ಕೆಂಪು, ಹಸಿರು ಬಣ್ಣಗಳಲ್ಲಿ ಸೀಸ ಹೆಚ್ಚಿರುವ ಸಂಭವ ಉಂಟು. ಹಳದಿಗೆ ಸೀಸದ ಕ್ರೋಮೇಟ್ ಬಳಸುತ್ತಿದ್ದರು, ಅದಕ್ಕೇ ನೀಲಿ ಬೆರೆಸಿದರೆ ಹಸಿರು. ನಮ್ಮ ಕಡೆ ಕಿಟಕಿಗಳಿಗೆ ಹಸಿರೇ ಹೆಚ್ಚು ಎನ್ನುವುದನ್ನು ಇಲ್ಲಿ ನೆನೆಯಬೇಕು.

ಗೃಹಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ, ಅಂದರೆ ಕಿಲೋಗೆ 90 ಮಿಲಿಗ್ರಾಂ ಮೀರಬಾರದೆಂದು ಭಾರತ ಸರ್ಕಾರ ನಿಯಮ ಮಾಡಿದ್ದು 2016ರಲ್ಲಿ. ಅದು ಜಾರಿಗೆ ಬಂದದ್ದು 2017ರ ನವೆಂಬರ್ 1ರಂದು. ಅದಕ್ಕೂ ಮುಂಚೆ 10,000 ಪಿಪಿಎಂ ದಾಟಿದ ಎನಾಮೆಲ್‌ಗಳೂ ಅಂಗಡಿಯಲ್ಲಿದ್ದವು. ಹಾಗಾಗಿ 2017ಕ್ಕೆ ಮೊದಲು ಹೊಡೆದ ಎನಾಮೆಲ್ ಅಂದರೆ ಸೀಸ ಇದೆ ಎಂದೇ ಭಾವಿಸಿ ಕೆಲಸ ಮಾಡಿ. ಮೇಲೆ ಹೊಸ ಕೋಟಿಂಗ್ ಇದ್ದರೂ ಅಡಿಯಲ್ಲಿ ಹಳೆಯದು ಇದ್ದೇ ಇರುತ್ತದೆ. ಕೆರೆಯುವಾಗ ಎಲ್ಲ ಪದರಗಳೂ ಒಟ್ಟಿಗೆ ಏಳುತ್ತವೆ.

ಹೊಡೆದಿರುವುದು ಎನಾಮೆಲ್ಲೋ ಎಮಲ್ಷನ್ನೋ ಗೊತ್ತಿಲ್ಲದಿದ್ದರೆ ಹತ್ತಿಗೆ ಸರ್ಜಿಕಲ್ ಸ್ಪಿರಿಟ್ ಹಚ್ಚಿ ಮೂಲೆಯೊಂದರಲ್ಲಿ ಉಜ್ಜಿ. ಎಮಲ್ಷನ್ ಮೆತ್ತಗಾಗಿ ಹತ್ತಿಗೆ ಅಂಟುತ್ತದೆ, ಎನಾಮೆಲ್ ಜಗ್ಗುವುದಿಲ್ಲ. ಆನ್‌ಲೈನ್‌ನಲ್ಲಿ ಸಿಗುವ ಸೀಸ ಪರೀಕ್ಷೆಯ ಕಡ್ಡಿಗಳನ್ನು ಬಳಸುವುದಾದರೆ ಬಣ್ಣಕ್ಕೆ ಬ್ಲೇಡಿನಿಂದ ಓರೆಯಾಗಿ ಗೀರು ಹಾಕಿ, ಮರ ಕಾಣುವವರೆಗೂ ಎಲ್ಲ ಪದರ ತೆರೆದು, ಅಲ್ಲಿ ಒತ್ತಿ. ಮೇಲ್ಮೈಯನ್ನಷ್ಟೇ ಉಜ್ಜಿದರೆ ಹೊಸ ಕೋಟಿಂಗಿನ ಉತ್ತರ ಸಿಗುತ್ತದೆ. ಕಡ್ಡಿ ಗುಲಾಬಿಗೆ ತಿರುಗಿದರೆ ಸೀಸ ಇದೆ. ಆದರೆ ಕೆಂಪು ಬಣ್ಣದ ಮೇಲೆ ಅದು ಗೊತ್ತಾಗುವುದಿಲ್ಲ. ತಿರುಗದಿದ್ದರೆ ಸೀಸ ಇಲ್ಲವೆಂದು ನಂಬಿ ಒಣ ಕೆರೆತಕ್ಕೆ ಇಳಿಯಬಾರದು, ಏಕೆಂದರೆ ಕಡಿಮೆ ಪ್ರಮಾಣವನ್ನು ಈ ಕಡ್ಡಿಗಳು ಹಿಡಿಯುವುದಿಲ್ಲ. ಖಚಿತ ಬೇಕಿದ್ದರೆ ಚಕ್ಕೆಯನ್ನು ಎನ್‌ಎಬಿಎಲ್ (ಪ್ರಯೋಗಾಲಯಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಪ್ರಯೋಗಾಲಯಕ್ಕೆ ಕೊಡಿ. ಆಭರಣದಂಗಡಿಯಲ್ಲಿ ಎಕ್ಸ್‌ರೇ ಹಾಯಿಸಿ ಲೋಹ ಅಳೆಯುವ ಎಕ್ಸ್‌ಆರ್‌ಎಫ್ ಯಂತ್ರದಲ್ಲಿ ನೋಡಿಸುವ ಯೋಚನೆ ಬೇಡ. ಅದನ್ನು ಹೊಂದಿಸಿರುವುದು ಚಿನ್ನದ ಮಿಶ್ರಣಕ್ಕೆ.

ಒಂದು ಅನಗತ್ಯ ಭಯವನ್ನೂ ಬಿಡಿಸಬೇಕು. ಹಳೆಯ ಮನೆಗಳ ನುಣುಪಾದ ಕೆಂಪು ರೆಡ್ ಆಕ್ಸೈಡ್ ನೆಲ ಕಬ್ಬಿಣದ ಆಕ್ಸೈಡಿನದು, ಅದರಲ್ಲಿ ಸೀಸದ ಮಾತಿಲ್ಲ. ಅದರ ಮೇಲೆ ಕೂತ ಧೂಳಿನ ಮಾತು ಬೇರೆ. ಹಳೆಯ ಕಬ್ಬಿಣದ ಗೇಟು, ಸರಳುಗಳ ಅಡಿಯಲ್ಲಿ ಕಿತ್ತಳೆ ಛಾಯೆಯ ಕೆಂಪು ಪ್ರೈಮರ್ ಕಂಡರೆ ಮಾತ್ರ ಎಚ್ಚರ. ಅದು ರೆಡ್ ಆಕ್ಸೈಡ್ ಆಗಿರದೆ ರೆಡ್ ಲೆಡ್, ಅಂದರೆ ಸೀಸದ ಆಕ್ಸೈಡ್ ಆಗಿರಬಹುದು.

ವಾರಕ್ಕೆರಡು ಸಲದ ಒರೆಸುವ ಕೆಲಸ

ಹೊರಗಿನ ಅಂಗಳ ಗುಡಿಸುವಾಗ ನೀರು ಚಿಮುಕಿಸುವ ರೂಢಿ ನಮ್ಮಲ್ಲಿದೆ. ಮನೆಯೊಳಗೆ ಮಾತ್ರ ಒಣ ಪೊರಕೆ ಹಿಡಿಯುತ್ತೇವೆ. ಪೊರಕೆ ಕಸವನ್ನು ಎತ್ತುತ್ತದೆ, ನುಣ್ಣನೆಯ ಧೂಳನ್ನು ಮೇಲಕ್ಕೆ ಹಾರಿಸುತ್ತದೆ. ಹಾರಿದ್ದು ಗಂಟೆಗಟ್ಟಲೆ ತೇಲಿ ಮತ್ತೆ ಅದೇ ನೆಲಕ್ಕೆ, ಹಾಸಿಗೆಗೆ, ಮುಚ್ಚದ ಅನ್ನದ ಪಾತ್ರೆಗೆ ಇಳಿಯುತ್ತದೆ. ಮಾಮೂಲಿ ವ್ಯಾಕ್ಯೂಮ್ ಕ್ಲೀನರ್ ಇದಕ್ಕಿಂತ ಮೇಲೇನಲ್ಲ, ಹಿಂಬದಿಯಿಂದ ಸಣ್ಣ ಧೂಳನ್ನು ಉಗುಳುತ್ತದೆ. ಯಂತ್ರವೇ ಬೇಕೆಂದರೆ ಹೆಪಾ ಫಿಲ್ಟರ್ ಇರುವಂಥದ್ದು ಬೇಕು. 0.3 ಮೈಕ್ರಾನಿನ ಕಣಗಳಲ್ಲಿ ಶೇ. 99.97ರಷ್ಟನ್ನು ಅದು ಹಿಡಿಯುತ್ತದೆ.

ಎರಡು ಬಕೆಟ್ ಇಟ್ಟುಕೊಳ್ಳಿ. ಒಂದರಲ್ಲಿ 5 ಲೀಟರ್ ನೀರಿಗೆ ಎರಡು ಟೀ ಚಮಚ ಪಾತ್ರೆ ತೊಳೆಯುವ ಲಿಕ್ವಿಡ್, ಇನ್ನೊಂದರಲ್ಲಿ ಬರೀ ನೀರು. ಒರೆಸಿದ ಬಟ್ಟೆಯನ್ನು ಮೊದಲು ಬರೀ ನೀರಿನ ಬಕೆಟ್ಟಿನಲ್ಲಿ ಅಲ್ಲಾಡಿಸಿ ಹಿಂಡಿ, ಆಮೇಲೆ ಸೋಪಿನ ನೀರಿಗೆ ಅದ್ದಿ. ಹೀಗೆ ಮಾಡಿದರೆ ಕೊಳೆ ಒಂದು ಬಕೆಟ್ಟಿನಲ್ಲಿ ಉಳಿಯುತ್ತದೆ, ಸೋಪಿನ ನೀರು ಕೊನೆಯವರೆಗೂ ಸೋಪಿನ ನೀರಾಗಿಯೇ ಇರುತ್ತದೆ. ಒಂದೇ ಬಕೆಟ್ಟಿನಲ್ಲಿ ಅದ್ದಿ ಹಿಂಡಿ ಅದ್ದಿ ಹಿಂಡಿ ಮನೆಯೆಲ್ಲ ಸಾರಿಸಿದರೆ ಕಿಟಕಿ ಕೋಣೆಯ ಸೀಸವನ್ನು ಮಗುವಿನ ಕೋಣೆಗೆ ತೆಳ್ಳಗೆ ಬಳಿದ ಹಾಗಾಗುತ್ತದೆ. ಗಿರಗಿರ ತಿರುಗಿಸಿ ಹಿಂಡುವ ಮಾಪ್ ಬಕೆಟ್ಟಿನಲ್ಲೂ ಇದೇ ತೊಂದರೆ: ಹಿಂಡಿದ ಕೊಳೆ ನೀರೇ ಮತ್ತೆ ಅದ್ದುವ ನೀರು. ಒಂದೊಂದು ಕೋಣೆಗೂ ಬರೀ ನೀರನ್ನು ಬದಲಿಸಿ.

ಮೊದಲು ಫ್ಯಾನು. ಸ್ವಿಚ್ ಆರಿಸಿ, ಹಳೆಯ ದಿಂಬಿನ ಕವರನ್ನು ಒಳಗಡೆ ಕೊಂಚ ಒದ್ದೆ ಮಾಡಿ ರೆಕ್ಕೆಗೆ ಪೂರ್ತಿ ತೊಡಿಸಿ, ಎರಡೂ ಕೈಯಿಂದ ಒತ್ತಿ ಹಿಡಿದು ನಿಧಾನಕ್ಕೆ ಹೊರಗೆಳೆಯಿರಿ. ತಿಂಗಳುಗಳಿಂದ ಕೂತ ಧೂಳು ಹಾಸಿಗೆ ಮೇಲೆ ಬೀಳದೆ ಕವರಿನೊಳಗೇ ಉಳಿಯುತ್ತದೆ.

ಆಮೇಲೆ ಕಿಟಕಿ. ಕಣ್ಣಿಗೆ ಕಾಣುವ ಚಕ್ಕೆಗಳನ್ನು ಒದ್ದೆ ಟಿಶ್ಯೂವಿನಿಂದ ಹೆಕ್ಕಿ ಪ್ಲಾಸ್ಟಿಕ್ ಕವರಿಗೆ ಹಾಕಿ. ಸ್ಪ್ರೇ ಬಾಟಲಿಯಿಂದ ತಳಕ್ಕೂ ಕದ ಕೂರುವ ಸಂದಿಗೂ ನೀರು ಹೊಡೆದು, ಅರ್ಧ ನಿಮಿಷ ಬಿಟ್ಟು, ಹಳೆಯ ಹತ್ತಿ ಪಂಚೆಯ ತುಂಡಿನಿಂದ ಒಂದೇ ದಿಕ್ಕಿಗೆ ಎಳೆದು ಒರೆಸಿ. ಬಟ್ಟೆಯನ್ನು ನಾಲ್ಕು ಮಡಿಕೆ ಮಾಡಿಕೊಂಡರೆ ಮಡಿಕೆ ಬದಲಿಸುತ್ತಾ ಎಂಟು ಶುಭ್ರ ಮುಖ ಸಿಗುತ್ತವೆ. ಒಂದು ಎಳೆತಕ್ಕೆ ಒಂದು ಮುಖ. ಹಿಂದಕ್ಕೂ ಮುಂದಕ್ಕೂ ಉಜ್ಜಿದರೆ ಎತ್ತಿದ್ದನ್ನೇ ಮತ್ತೆ ಬಳಿಯುತ್ತೀರಿ. ಕೊನೆಗೆ ನೆಲ: ಒಳಮೂಲೆಯಿಂದ ಶುರುಮಾಡಿ ಬಾಗಿಲ ಕಡೆಗೆ ಬನ್ನಿ. ಕೊಳೆ ನೀರನ್ನು ಶೌಚಾಲಯಕ್ಕೆ ಸುರಿಯಿರಿ, ತುಳಸಿ ಕಟ್ಟೆಗೂ ಬೇಡ, ಕೊತ್ತಂಬರಿ ಮಡಿಗೂ ಬೇಡ.

ಚಪ್ಪಲಿ ಹೊಸಿಲಾಚೆ ಬಿಡುವ ನಮ್ಮ ಪದ್ಧತಿಗಿಂತ ಒಳ್ಳೆಯ ಉಪಾಯ ಇನ್ನೊಂದಿಲ್ಲ. ಮನೆಯ ಧೂಳಿನಲ್ಲಿ ದೊಡ್ಡ ಪಾಲು ಹೊರಗಿನ ಮಣ್ಣು. 2000ಕ್ಕೆ ಮುಂಚಿನ ಸೀಸದ ಪೆಟ್ರೋಲ್ ಉಗುಳಿದ ಸೀಸ ರಸ್ತೆ ಬದಿಯ ಮಣ್ಣಿನಿಂದ ಎಲ್ಲೂ ಹೋಗಿಲ್ಲ, ಸೀಸ ಕೊಳೆಯುವ ವಸ್ತುವಲ್ಲ. ಆದರೆ ಈಗಿನ ಫ್ಲ್ಯಾಟುಗಳಲ್ಲಿ ಚಪ್ಪಲಿ ಸ್ಟ್ಯಾಂಡೇ ನಡುಮನೆಯೊಳಗೆ ಬಂದು ಕೂತಿದೆ. ಅದನ್ನು ಹೊರಗಿಡಿ.

ಬಣ್ಣ ಕೆರೆಯುವ ದಿನ

ಗೌರಿ ಗಣೇಶ ಮುಗಿದು ದಸರೆ ಹತ್ತಿರವಾಗುತ್ತಿದ್ದಂತೆ ಊರೆಲ್ಲ ಬಣ್ಣದ ಕೆಲಸ. ಮಗಳ ಸೀಮಂತ, ಬಾಣಂತನಕ್ಕೆಂದೂ ಮನೆಗೆ ಬಣ್ಣ ಹೊಡೆಸುತ್ತಾರೆ. ಬಸುರಿಯೂ ಎಳೆಗೂಸೂ ಇರುವ ಹೊತ್ತಿಗೇ ಬಾಗಿಲು ಕೆರೆಯುವುದು ಎಲ್ಲಕ್ಕಿಂತ ಕೆಟ್ಟ ಸಮಯ. ತಾಯಿಯ ರಕ್ತದಲ್ಲಿರುವ ಸೀಸ ಹೊಟ್ಟೆಯಲ್ಲಿರುವ ಮಗುವಿಗೂ ದಾಟುತ್ತದೆ. ಕೆಲಸ ಮುಗಿದು ಕೊನೆಯ ಒರೆಸುವಿಕೆ ಆಗುವ ತನಕ ಬಸುರಿಯರೂ ಆರು ವರ್ಷದೊಳಗಿನ ಮಕ್ಕಳೂ ಬೇರೆ ಮನೆಯಲ್ಲಿರಲಿ. ಪಕ್ಕದ ಕೋಣೆ ಸಾಲದು.

ಮೊದಲನೆಯ ತೀರ್ಮಾನ: ಕೆರೆಯಲೇಬೇಕಾ? ಗಟ್ಟಿಯಾಗಿ ಹಿಡಿದಿರುವ ಹಳೆಯ ಬಣ್ಣವನ್ನು ಕೆದಕದೆ ಇದ್ದರೆ ಅದರಿಂದ ಧೂಳಾಗುವುದಿಲ್ಲ. ಎದ್ದ ಕಡೆ ಮಾತ್ರ ಒದ್ದೆ ಮಾಡಿ ತೆಗೆದು, ಉಳಿದದ್ದಕ್ಕೆ ವಾಟರ್ ಪೇಪರಿನಿಂದ (ನೀರಿಗೆ ಅದ್ದಿ ಉಜ್ಜುವ ಕಾಗದ) ತೆಳುವಾಗಿ ಒರಟು ಕೊಟ್ಟು, ಮೇಲೆ ಪ್ರೈಮರ್, ಹೊಸ ಬಣ್ಣ ಹೊಡೆದರೆ ಸಾಕು. ಇಡೀ ಮನೆಯನ್ನು ಮರ ಕಾಣುವವರೆಗೆ ಕೆರೆಸುವ ಹಟ ಹೆಚ್ಚಿನ ಮನೆಗಳಲ್ಲಿ ಬೇಕಿಲ್ಲ. ಕದ ಚೌಕಟ್ಟಿಗೆ ಉಜ್ಜುವ ಅಂಚುಗಳು ಮಾತ್ರ ಇದಕ್ಕೆ ಹೊರತು. ಅಲ್ಲಿ ಎಷ್ಟು ಕೋಟಿಂಗ್ ಹೊಡೆದರೂ ಮತ್ತೆ ಅರೆಯುತ್ತದೆ. ಕದವನ್ನು ಕೀಲಿನಿಂದ ಬಿಚ್ಚಿ, ಅಂಚನ್ನು ಒದ್ದೆ ಮಾಡುತ್ತಾ ಬಣ್ಣ ಪೂರ್ತಿ ತೆಗೆದು, ಬಡಗಿಯಿಂದ ಉಜ್ಜುಗೊರಡಿನಲ್ಲಿ ಒಂದು ನೂಲು ಕಡಿಮೆ ಮಾಡಿಸಿ. ಉಜ್ಜದೆ ಕೂತರೆ ಆ ಕಿಟಕಿಯ ಧೂಳು ಅಲ್ಲಿಗೆ ನಿಲ್ಲುತ್ತದೆ.

ಕೂಲಿಯ ಮಾತನ್ನು ಮೊದಲೇ ಆಡಿಕೊಳ್ಳಿ. ಚದರ ಅಡಿ ಲೆಕ್ಕದಲ್ಲಿ ಗುತ್ತಿಗೆ ಕೊಟ್ಟರೆ ಬೇಗ ಮುಗಿಸುವ ಆತುರಕ್ಕೆ ಗ್ರೈಂಡರ್ ಬರುತ್ತದೆ, ಬಣ್ಣವನ್ನು ಉರಿಯಿಂದ ಸುಟ್ಟು ಎಬ್ಬಿಸುವ ಬ್ಲೋ ಲ್ಯಾಂಪ್ ಬರುತ್ತದೆ. ಕೆರೆಯುವ ಕೆಲಸವನ್ನು ದಿನಗೂಲಿಗೆ, ಬಣ್ಣ ಹೊಡೆಯುವುದನ್ನು ಗುತ್ತಿಗೆಗೆ ಕೊಡುವುದು ಒಳ್ಳೆಯದು. ಒದ್ದೆ ಕೆಲಸ ನಿಧಾನದ ಕೆಲಸ, ಅದಕ್ಕೆ ಪೇಂಟರ್ ತನ್ನ ಕೈಯಿಂದ ಕಳೆದುಕೊಳ್ಳಬಾರದು.

ಕೋಣೆಯ ಸಾಮಾನು ಹೊರಗೆ ಹಾಕಿ. ಕದಲಿಸಲಾಗದ ಬೀರುವಿಗೆ ಪ್ಲಾಸ್ಟಿಕ್ ಹೊದಿಸಿ ಟೇಪ್ ಹಾಕಿ. ಕೆಲಸದ ಜಾಗದಿಂದ ಸುತ್ತಲೂ ಆರು ಅಡಿ ನೆಲಕ್ಕೆ 100 ಮೈಕ್ರಾನಿನ ಪ್ಲಾಸ್ಟಿಕ್ ಶೀಟ್ ಹಾಸಿ ಅಂಚಿಗೆ ಟೇಪ್ ಹಾಕಿ. ತೆಳು ಶೀಟು ಏಣಿಯ ಕಾಲಿಗೆ ಹರಿಯುತ್ತದೆ. ಹಳೆಯ ಪೇಪರ್, ಬೆಡ್‌ಶೀಟ್ ಹಾಸಿದರೆ ನೀರೂ ಧೂಳೂ ಅಡಿಗೆ ಇಳಿಯುತ್ತದೆ. ಹೊರಗೋಡೆಯ ಕಿಟಕಿ, ಗೇಟಿನ ಕೆಲಸವಾದರೆ ನೆಲದ ಮೇಲೆ ಹತ್ತು ಅಡಿ ಹಾಸಿ, ಗಾಳಿ ಜೋರಿದ್ದ ದಿನ ಕೆಲಸ ನಿಲ್ಲಿಸಿ. ಒಳಬಾಗಿಲಿಗೆ ಎರಡು ಶೀಟನ್ನು ಒಂದರ ಮೇಲೊಂದು ಪರದೆಯಂತೆ ಇಳಿಬಿಡಿ. ಫ್ಯಾನ್, ಎಸಿ ಆಫ್ ಇರಲಿ.

ಒಂದು ಲೀಟರ್ ನೀರಿಗೆ ನಾಲ್ಕಾರು ಹನಿ ಲಿಕ್ವಿಡ್ ಸೋಪು ಹಾಕಿದ ಸ್ಪ್ರೇ ಬಾಟಲಿ ಪೇಂಟರ್ ಕೈಯಲ್ಲಿರಬೇಕು. ಸೋಪು ಇಲ್ಲದಿದ್ದರೆ ನೀರು ಎನಾಮೆಲ್ ಮೇಲೆ ನಿಲ್ಲದೆ ಜಾರಿಹೋಗುತ್ತದೆ. ಎರಡಡಿ ಜಾಗಕ್ಕೆ ನೀರು ಹೊಡೆದು, ಒಂದು ನಿಮಿಷ ಬಿಟ್ಟು, ಪಟ್ಟಿ ಬ್ಲೇಡಿನಿಂದ ಕೆರೆಯಬೇಕು. ಕೆರೆದದ್ದು ಮೆತ್ತಗೆ ಸುರುಳಿಯಾಗಿ ಕೆಳಗೆ ಬಿದ್ದರೆ ಸರಿಯಾಗಿದೆ. ಪುಡಿ ಹಾರಿದರೆ ಒಣಗಿದೆ ಎಂದರ್ಥ, ಇನ್ನೊಮ್ಮೆ ನೀರು. ಉಜ್ಜಲು 120 ಅಥವಾ 180 ನಂಬರಿನ ವಾಟರ್ ಪೇಪರ್ ಬಳಸಿ, ಹತ್ತು ಎಳೆತಕ್ಕೊಮ್ಮೆ ನೀರಿಗೆ ಅದ್ದಿ. ಮಾಮೂಲಿ ಉಪ್ಪುಕಾಗದ ನೀರಿಗೆ ಬಿದ್ದರೆ ಕಿತ್ತುಬರುತ್ತದೆ, ಅದಕ್ಕೇ ಪೇಂಟರುಗಳು ಒಣಗಿಸಿ ಉಜ್ಜುವುದು. ಸ್ವಿಚ್ ಬೋರ್ಡಿನ ಹತ್ತಿರ ಸ್ಪ್ರೇ ಬೇಡ, ಮೇನ್ ಆರಿಸಿ ಒದ್ದೆ ಬಟ್ಟೆಯಿಂದ ಮಾತ್ರ ತೇವ ಮಾಡಿ.

ಬ್ಲೋ ಲ್ಯಾಂಪ್ ಉರಿ ಯಾವ ಕಾರಣಕ್ಕೂ ಬೇಡ. ಹೀಟ್ ಗನ್ನನ್ನೂ 590 ಡಿಗ್ರಿ ಸೆಲ್ಸಿಯಸ್ ಮೀರಿಸಿದರೆ ಸೀಸ ಹೊಗೆಯಾಗಿ ಏಳುತ್ತದೆ. ಧೂಳನ್ನು ಒರೆಸಬಹುದು, ಹೊಗೆ ನೇರ ಶ್ವಾಸಕೋಶಕ್ಕೆ. ಕೆಲಸ ಮಾಡುವವರಿಗೆ ಎನ್95 ಮಾಸ್ಕ್ ಕೊಡಿ, ಮೂಗಿನ ಪಟ್ಟಿ ಒತ್ತಿ, ಗಾಳಿ ಬದಿಯಿಂದ ನುಸುಳದಂತೆ ಕೂರಬೇಕು. ಗಡ್ಡದ ಮೇಲೆ ಅದು ಕೂರುವುದಿಲ್ಲ. ಮುಖಕ್ಕೆ ಸುತ್ತಿದ ಟವೆಲ್ ಮಾಸ್ಕಲ್ಲ.

ಇನ್ನು ಪೇಂಟರ್ ಕೈ. ಕೆರೆಯುತ್ತಿದ್ದ ಕೈಯಲ್ಲೇ ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಇಟ್ಟು, ಬಾಯಿಗೆ ಹಾಕಿಕೊಳ್ಳುತ್ತಾರೆ. ಅದೇ ಕೈಯಲ್ಲಿ ಬೀಡಿ, ಅದೇ ಕೈಯಲ್ಲಿ ಬನ್ನು. ಅವರು ದಿನವೂ ಸೀಸ ತಿನ್ನುವುದು ಹೀಗೆ. ನಲ್ಲಿಯ ಪಕ್ಕ ಒಂದು ಸೋಪು ಇಟ್ಟು, ಟೀ ಕೊಡುವ ಮುಂಚೆ ಕೈ ಮುಖ ತೊಳೆಯಲು ಹೇಳಿ, ಟೀಯನ್ನು ಕೋಣೆಯಿಂದಾಚೆ ಕೊಡಿ. ಅವರ ಮನೆಯಲ್ಲೂ ಮಕ್ಕಳಿದ್ದಾರೆ. ಕೆಲಸದ ಅಂಗಿ ಬದಲಿಸಿ, ಕವರಿನಲ್ಲಿ ಕಟ್ಟಿ ಒಯ್ದು, ಮಿಕ್ಕ ಬಟ್ಟೆಯ ಜೊತೆ ನೆನೆಹಾಕದೆ ಬೇರೆಯಾಗಿ ಒಗೆಯಬೇಕು. ಬ್ಯಾಟರಿ, ರೇಡಿಯೇಟರ್, ಬೆಸುಗೆ ಕೆಲಸ ಮಾಡಿ ಮನೆಗೆ ಬರುವ ಎಲ್ಲರಿಗೂ ಇದು ಅನ್ವಯ: ಮಗುವನ್ನು ಎತ್ತಿಕೊಳ್ಳುವುದು ಸ್ನಾನವಾದ ಮೇಲೆ.

ಸಂಜೆ ಶೀಟಿನ ಮೇಲೆ ನೀರು ಚಿಮುಕಿಸಿ, ಅಂಚುಗಳನ್ನು ಒಳಮುಖವಾಗಿ ಮಡಚಿ, ಚಕ್ಕೆ ಸಮೇತ ದಪ್ಪ ಕವರಿಗೆ ಹಾಕಿ ಕಟ್ಟಿ. ಘನತ್ಯಾಜ್ಯ ನಿಯಮಗಳು ಬಣ್ಣದ ಡಬ್ಬಿಯಂಥವನ್ನು ಬೇರೆಯಾಗಿ ಕೊಡಬೇಕಾದ ಕಸವೆಂದು ಗುರುತಿಸಿವೆ. ಹಸಿ ಕಸ, ಒಣ ಕಸಕ್ಕೆ ಬೆರೆಸದೆ ಬೇರೆಯೇ ಕವರಿನಲ್ಲಿ ಹೇಳಿ ಕೊಡಿ. ಹಿತ್ತಿಲಲ್ಲಿ ಹೂಳಬೇಡಿ, ಸುಡಬೇಡಿ.

ಎಲ್ಲ ಮುಗಿದ ಮೇಲೆ ಒಂದು ಗಂಟೆ ಕೋಣೆ ಮುಚ್ಚಿಟ್ಟು ಧೂಳು ಕೂರಲು ಬಿಡಿ. ನಂತರ ಎರಡು ಬಕೆಟ್ಟಿನ ಕ್ರಮದಲ್ಲಿ ಮೇಲಿನಿಂದ ಕೆಳಕ್ಕೆ ಒರೆಸಿ, ಒಣಗಿದ ಮೇಲೆ ಇನ್ನೊಮ್ಮೆ ಒರೆಸಿ. ಸಾಕಾಯಿತೇ ಎಂದು ನೋಡಲು ಶುಭ್ರ ಬಿಳಿ ಬಟ್ಟೆಯನ್ನು ಒದ್ದೆ ಮಾಡಿ, 40 ಚದರ ಅಡಿ ನೆಲಕ್ಕೆ ಒಂದು ಬಟ್ಟೆಯಂತೆ, ಪ್ರತಿ ಕಿಟಕಿಗೆ ಬೇರೊಂದು ಬಟ್ಟೆಯಂತೆ ಒರೆಸಿ ಬೆಳಕಿಗೆ ಹಿಡಿಯಿರಿ. ಬೂದುಬಣ್ಣ ಹತ್ತಿದ್ದರೆ ಮತ್ತೆ ಒರೆಸಬೇಕು. ಲ್ಯಾಬಿಗೆ ಕೊಡುವುದಾದರೆ 30 ಸೆಂ.ಮೀ. ಚೌಕಕ್ಕೆ ಟೇಪಿನಿಂದ ಗುರುತು ಹಾಕಿ, ಅವರೇ ಕೊಡುವ ಒರೆಸುವ ಬಟ್ಟೆಯಲ್ಲಿ ಆ ಚೌಕವನ್ನು ಮಾತ್ರ ಒರೆಸಿ ಟ್ಯೂಬಿಗೆ ಹಾಕಿ. ಅಳತೆ ತಪ್ಪಿದರೆ ಫಲಿತಾಂಶಕ್ಕೆ ಅರ್ಥವಿಲ್ಲ.

ಹೊಸ ಬಣ್ಣ ಕೊಳ್ಳುವಾಗ ಡಬ್ಬಿಯ ಮೇಲೆ ಸೀಸ 90 ಪಿಪಿಎಂ ಮೀರಿಲ್ಲ ಎಂಬ ಬರಹ ಓದಿ. ಅಟ್ಟದ ಮೇಲೆ ಉಳಿದ ಹಳೆಯ ಡಬ್ಬಿಗೆ ಟರ್ಪೆಂಟೈನ್ ಬೆರೆಸಿ ಗೇಟಿಗೆ ಹೊಡೆಸುವ ಮಿತವ್ಯಯ ಇಲ್ಲಿ ಬೇಡ.

ತೊಟ್ಟಿಲು, ಗೊಂಬೆ, ಬಚ್ಚಲ ಒಲೆ

ಮೂರು ತಲೆಮಾರು ತೂಗಿದ ತೊಟ್ಟಿಲನ್ನು ಹೊಸ ಮಗುವಿಗೆಂದು ಅಟ್ಟದಿಂದ ಇಳಿಸುತ್ತಾರೆ. ಅದರ ಮೇಲ್ಕಂಬಿಯನ್ನು ಒಮ್ಮೆ ಹತ್ತಿರದಿಂದ ನೋಡಿ. ಅಲ್ಲಿ ಸಾಲಾಗಿ ಸಣ್ಣ ಸಣ್ಣ ತಗ್ಗು ಇರಬಹುದು, ಬಣ್ಣ ಹೋಗಿ ಮರ ಕಾಣುತ್ತಿರಬಹುದು. ಹಲ್ಲು ಬರುವ ಮಗು ಕಚ್ಚಿದ ಗುರುತು ಅದು. ಆ ಬಣ್ಣ ಎಲ್ಲಿ ಹೋಯಿತು ಎಂದು ಬೇರೆ ಹೇಳಬೇಕಿಲ್ಲ. ಬಣ್ಣದ ತೊಟ್ಟಿಲಾದರೆ ಮಗುವಿಗೆ ಆರು ತಿಂಗಳು ತುಂಬುವ ಮುಂಚೆ, ಮಗು ಮನೆಯಲ್ಲಿಲ್ಲದಾಗ, ಮೇಲೆ ಹೇಳಿದಂತೆ ಒದ್ದೆ ಮಾಡಿ ಪೂರ್ತಿ ತೆಗೆಸಿ. ಆಗದಿದ್ದರೆ ಸೀರೆಯ ಜೋಲಿ ಕಟ್ಟಿ. ಕಾಲು ಕಲಿಯುವ ಮರದ ಗಾಡಿಗೂ ಇದೇ ಮಾತು.

ದಸರೆಯ ಗೊಂಬೆ ಪೆಟ್ಟಿಗೆಯನ್ನು ವರಾಂಡದಲ್ಲಿ ತೆರೆಯಿರಿ. ಸುತ್ತಿದ ಹಳೆಯ ಪೇಪರನ್ನು ಕೊಡವದೆ ಮಡಚಿ ಕವರಿಗೆ ಹಾಕಿ. ಬಣ್ಣ ಏಳುತ್ತಿರುವ ಗೊಂಬೆಗಳು ಮೇಲಿನ ಮೆಟ್ಟಿಲಿಗೆ, ಮಕ್ಕಳು ಮುಟ್ಟುವ ಕೆಳಗಿನ ಮೆಟ್ಟಿಲಿಗೆ ಅರಗಿನ ಬಣ್ಣದ ಚನ್ನಪಟ್ಟಣದ ಗೊಂಬೆ. ಅಂಗಡಿಯ ಕಣ್ಣು ಕುಕ್ಕುವ ಸಿಂಧೂರದಲ್ಲಿ ರೆಡ್ ಲೆಡ್, ಕಲಬೆರಕೆ ಅರಿಶಿನದಲ್ಲಿ ಸೀಸದ ಕ್ರೋಮೇಟ್ ಇರುವುದುಂಟು. ದೇವರ ಮನೆಗೆ ಅರಿಶಿನಕ್ಕೆ ನಿಂಬೆರಸ, ಬಿಳಿಗಾರ ಹಾಕಿ ಮಾಡಿದ ಕುಂಕುಮವನ್ನೇ ತನ್ನಿ. ಅರಿಶಿನವನ್ನು ಕೊಂಬಾಗಿ ಕೊಂಡು ಪುಡಿ ಮಾಡಿಸಿ, ನೀರಿಗೆ ಹಾಕಿದ ತಕ್ಷಣ ಗಾಢ ಹಳದಿ ಬಿಡುವ ಕೊಂಬು ಬೇಡ.

ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳದ ಇನ್ನೊಂದು ಜಾಗ ಬಚ್ಚಲ ಹಂಡೆಯ ಒಲೆ. ಹಳೆಯ ಮನೆ ಕೆಡವಿದಾಗ ಬಂದ ಬಾಗಿಲು, ಕಿಟಕಿಯ ಬಣ್ಣದ ಮರ ಸೌದೆಯಾಗಿ ಅದಕ್ಕೆ ಹೋಗುತ್ತದೆ. ಮರ ಉರಿದು ಹೋದರೂ ಸೀಸದಲ್ಲಿ ಕೊಂಚ ಹೊಗೆಯಾಗಿ, ಬಹುಪಾಲು ಬೂದಿಯಲ್ಲಿ ಉಳಿಯುತ್ತದೆ. ಆ ಬೂದಿಯಲ್ಲಿ ಪಾತ್ರೆ ಬೆಳಗುತ್ತೇವೆ, ಮಿಕ್ಕದ್ದನ್ನು ತರಕಾರಿ ಗಿಡದ ಬುಡಕ್ಕೆ ಹಾಕುತ್ತೇವೆ. ಬಣ್ಣದ ಮರವನ್ನು ಒಲೆಗೆ ಹಾಕಲೇಬೇಡಿ. ಹಾಕಿಯಾಗಿದ್ದರೆ ಆ ಬೂದಿಯನ್ನು ಒದ್ದೆ ಮಾಡಿ ತುಂಬಿ ಕಸಕ್ಕೆ ಕೊಡಿ. ತಾಮ್ರ ತೆಗೆಯಲು ವೈರು ಸುಡುವುದೂ ಹೀಗೆಯೇ, ಹಳೆಯ ಪಿವಿಸಿ ಹೊದಿಕೆಯಲ್ಲಿ ಸೀಸವಿರುತ್ತದೆ. ಆಲೆಮನೆಯ ಒಲೆಗೆ ಕಬ್ಬಿನ ಸಿಪ್ಪೆಯಷ್ಟೇ ಹೋಗಲಿ, ಟೈರು ಹಾಕಿದರೆ ಅದರಲ್ಲಿನ ಸತುವು ಹೊಗೆಯ ಜೊತೆ ಪಕ್ಕದ ಮನೆಗಳ ಮೇಲೆ ಇಳಿಯುತ್ತದೆ.

ಸೀಸವಲ್ಲದವು

ಮನೆಯ ಜಗಲಿಯಲ್ಲೇ ಕೆಲಸ ಮಾಡುವ ಅಕ್ಕಸಾಲಿಗರಿಗೆ ಕೆಡಿಎಂ ಗೊತ್ತು. ಅದು ಕ್ಯಾಡ್ಮಿಯಂ ಬೆರೆತ ಬೆಸುಗೆ. ಕ್ಯಾಡ್ಮಿಯಂ 767 ಡಿಗ್ರಿಗೇ ಕುದಿಯುವುದರಿಂದ ಊದುಕೊಳವೆಯ ಉರಿಗೆ ಹೊಗೆಯಾಗಿ ಏಳುತ್ತದೆ, ಶ್ವಾಸಕೋಶ, ಮೂತ್ರಪಿಂಡ ಎರಡನ್ನೂ ಕೆಡಿಸುತ್ತದೆ. ಕ್ಯಾಡ್ಮಿಯಂ ಇಲ್ಲದ ಬೆಸುಗೆ ಬಳಸಿ, ಹೊಗೆ ಎಳೆಯುವ ಫ್ಯಾನನ್ನು ಮುಖದ ಹಿಂದಲ್ಲ, ಉರಿಯ ಆಚೆ ಇಡಿ. ತಂಬಾಕಿನ ಎಲೆಯೂ ಮಣ್ಣಿನಿಂದ ಕ್ಯಾಡ್ಮಿಯಂ ಹೀರುತ್ತದೆ. ಮನೆಯೊಳಗೆ ಬೀಡಿ ಸಿಗರೇಟು ಸೇದಿದರೆ ಮಿಕ್ಕವರೂ ಅದನ್ನು ಉಸಿರಾಡುತ್ತಾರೆ.

ಸತುವಿನ ಲೇಪವಿರುವ ಜಿಐ ಪೈಪಿಗೆ ವೆಲ್ಡಿಂಗ್ ಮಾಡಿದ ರಾತ್ರಿ ಚಳಿ ಜ್ವರ ಬಂದರೆ ಅದು ಸತುವಿನ ಹೊಗೆಯದು, ಹಾಲು ಕುಡಿದರೆ ಹೋಗುವಂಥದ್ದಲ್ಲ. ಗ್ರಿಲ್ ಕೆಲಸವನ್ನು ಮನೆಯ ಹೊರಗೆ, ಗಾಳಿಗೆ ಬೆನ್ನು ಕೊಟ್ಟು ನಿಲ್ಲದೆ ಅಡ್ಡವಾಗಿ ನಿಂತು ಮಾಡಲಿ. ಯುಪಿಎಸ್ ಬ್ಯಾಟರಿಯ ಟರ್ಮಿನಲ್ಲಿನ ಬಿಳಿ ಪುಡಿಯನ್ನು ಅಡುಗೆ ಸೋಡದ ನೀರಿನಲ್ಲಿ ಅದ್ದಿದ ಬಟ್ಟೆಯಿಂದ, ಗ್ಲೌಸ್ ಹಾಕಿ ಒರೆಸಿ, ಒಣ ಬ್ರಷ್ ಬೇಡ. ಹಳೆಯ ಬ್ಯಾಟರಿಯನ್ನು ಅಂಗಡಿಗೇ ಹಿಂದಿರುಗಿಸಿ.

ಪಾದರಸದ ಥರ್ಮಾಮೀಟರ್ ಒಡೆದರೆ ಪೊರಕೆ, ವ್ಯಾಕ್ಯೂಮ್ ಎರಡೂ ಬೇಡ. ಕಿಟಕಿ ತೆರೆದು, ಮಕ್ಕಳನ್ನು ಹೊರಗೆ ಕಳಿಸಿ, ಗುಂಡುಗಳನ್ನು ದಪ್ಪ ಕಾಗದದಿಂದ ಒಟ್ಟುಗೂಡಿಸಿ, ಉಳಿದ ಚೂರನ್ನು ಅಂಟು ಟೇಪಿಗೆ ಹತ್ತಿಸಿ, ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ.

ಮಗುವಿನ ಕೈ, ತಟ್ಟೆ, ರಕ್ತ

ಊಟಕ್ಕೆ ಮುಂಚೆ, ಮಲಗುವ ಮುಂಚೆ ಸೋಪಿನಿಂದ ಮಗುವಿನ ಕೈ ತೊಳೆಸಿ. ಬಾಯಿಗೆ ಹಾಕುವ ಆಟಿಕೆಯನ್ನು ವಾರಕ್ಕೊಮ್ಮೆ ತೊಳೆಯಿರಿ. ಮಂಚ, ತೊಟ್ಟಿಲನ್ನು ಹಳೆಯ ಕಿಟಕಿಯ ಅಡಿಯಿಂದ ಸರಿಸಿ. ಖಾಲಿ ಹೊಟ್ಟೆಯಲ್ಲಿ ಸೀಸ ಹೆಚ್ಚು ಹೀರಲ್ಪಡುತ್ತದೆ. ಕಬ್ಬಿಣಾಂಶ, ಸುಣ್ಣದ ಅಂಶ (ಕ್ಯಾಲ್ಸಿಯಂ) ಕಡಿಮೆ ಇದ್ದರೆ ಇನ್ನೂ ಹೆಚ್ಚು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿ.ಗ್ರಾಂ ಸುಣ್ಣದ ಅಂಶವಿದೆ, ನಮ್ಮ ಕಡೆಯ ಮುದ್ದೆ, ರಾಗಿ ಸರಿ ಇಲ್ಲಿ ಕೆಲಸಕ್ಕೆ ಬರುತ್ತದೆ. ಸೊಪ್ಪಿನ ಸಾರಿಗೆ ನಿಂಬೆಹಣ್ಣು ಹಿಂಡಿದರೆ ಕಬ್ಬಿಣಾಂಶ ಮೈಗೆ ಹತ್ತುತ್ತದೆ. ಮಣ್ಣು, ಸುಣ್ಣದ ಚಕ್ಕೆ ತಿನ್ನುವ ಮಗುವನ್ನು ಗದರಿ ಸುಮ್ಮನಾಗಬೇಡಿ. ರಕ್ತಹೀನತೆ ಇದೆಯೇ ಎಂದು ಮಕ್ಕಳ ವೈದ್ಯರಲ್ಲಿ ತೋರಿಸಿ, ಜೊತೆಗೆ ಸೀಸದ ಪರೀಕ್ಷೆಯನ್ನೂ ಕೇಳಿ.

ಪರೀಕ್ಷೆಗೆ ರಕ್ತವನ್ನು ರಕ್ತನಾಳದಿಂದ ತೆಗೆಸುವುದು ಮೇಲು. ಬೆರಳು ಚುಚ್ಚಿ ತೆಗೆದರೆ ಚರ್ಮದ ಮೇಲಿನ ಧೂಳೇ ಸೇರಿ ಸುಳ್ಳು ಏರಿಕೆ ತೋರಿಸಬಹುದು. ಸುರಕ್ಷಿತ ಎನ್ನುವ ಮಟ್ಟ ಯಾವುದೂ ಇಲ್ಲ. ಡೆಸಿಲೀಟರಿಗೆ 5 ಮೈಕ್ರೊಗ್ರಾಂ ಅಥವಾ ಅದಕ್ಕಿಂತ ಹೆಚ್ಚಿದ್ದರೆ ಸೀಸ ಎಲ್ಲಿಂದ ಬರುತ್ತಿದೆ ಎಂದು ಹುಡುಕಿ ತಡೆಯಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದೆ. 45 ಮುಟ್ಟಿದರೆ ಆಸ್ಪತ್ರೆಯ ಔಷಧ ಬೇಕಾಗುತ್ತದೆ. ಅದಕ್ಕಿಂತ ಕೆಳಗೆ ಧೂಳನ್ನು ತೆಗೆಯುವುದೇ ಚಿಕಿತ್ಸೆ, ಸೀಸ ಇಳಿಸುತ್ತೇವೆಂದು ಮಾರುವ ಪುಡಿ ಲೇಹ್ಯಗಳಿಗೆ ದುಡ್ಡು ಕೊಡಬೇಡಿ. ರಕ್ತದ ಸೀಸ ಅರ್ಧಕ್ಕಿಳಿಯಲು ಸುಮಾರು ಒಂದು ತಿಂಗಳು ಬೇಕು, ಮೂಳೆ ಸೇರಿದ್ದು ವರ್ಷಗಟ್ಟಲೆ ನಿಧಾನಕ್ಕೆ ಹೊರಬರುತ್ತಿರುತ್ತದೆ. ಕಿಟಕಿ ಸರಿಮಾಡಿ ಒರೆಸುವ ಕ್ರಮ ಶುರುಮಾಡಿದ ಮೇಲೆ ವೈದ್ಯರನ್ನು ಕೇಳಿ ಒಂದರಿಂದ ಮೂರು ತಿಂಗಳೊಳಗೆ ಮತ್ತೆ ರಕ್ತ ಕೊಡಿ. ಇಳಿಯದಿದ್ದರೆ ಎಲ್ಲೋ ಒಂದು ಜಾಗ ಕಣ್ತಪ್ಪಿದೆ. ತೊಟ್ಟಿಲು, ಬಚ್ಚಲ ಬೂದಿ, ದುಡಿದು ಬಂದವರ ಅಂಗಿ ಈ ಮೂರನ್ನು ಮೊದಲು ನೋಡಿ.